ನಫೀಸಾರ ಬಚ್ಚಲು ಕೊಟ್ಟಿಗೆ ಮತ್ತು ಹದಿನಾಲ್ಕು ಅಡಿಯ ಟ್ರೈಲರ್

2001ನೇ ಇಸವಿ. ಸೈನ್ಯದ ಇಂಜಿನಿಯರಿಂಗ್ ವಿಭಾಗದಿಂದ ಸುಬೇದಾರನಾಗಿ ನಿವೃತ್ತಿ ಹೊಂದಿ ಊರಿಗೆ ಮರಳಿದ್ದ ನಾನು, ಪುಂಜಾಲಕಟ್ಟೆ ಪೇಟೆಯ ಒಂದು ಜೀನಸು ಅಂಗಡಿಯ ಮೇಲಿನ ಕೋಣೆಯಲ್ಲಿ ಮನೆಗಳ ಪ್ಲಾನ್ ಮತ್ತು ಎಸ್ಟಿಮೇಟ್ ಮಾಡಿಕೊಡುವ ಕಚೇರಿ ನಡೆಸುತ್ತಿದ್ದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆಗಳಿಂದ ಕೆಲಸ ಬರುತ್ತಿತ್ತು. ಬೆಳಿಗ್ಗೆ ಆರೂವರೆಗೆ ಸೈಟ್, ಹತ್ತು ಗಂಟೆಗೆ ಕಚೇರಿ, ಒಂದಕ್ಕೆ ಊಟ. ಮೇಸ್ತ್ರಿಗಳು ಏಳಕ್ಕೆ ಬಂದರೆ ನಾನು ಗಡಿಯಾರ ನೋಡುತ್ತಿದ್ದೆ. ಈ ಕಾರಣದಿಂದ ಜನ ನನ್ನ ಹೆಸರು ಮರೆತು ‘ಮಿಲಿಟ್ರಿ ಸಾರ್’ ಎಂದೇ ಕರೆಯುತ್ತಿದ್ದರು.

ಆ ವರ್ಷ ನವೆಂಬರಿನಲ್ಲಿ ಇದಿನಬ್ಬ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಗಲ್ಫ್‌ನಲ್ಲಿ ಒಂದು ಅರಬ್ ಕುಟುಂಬಕ್ಕೆ ಬಹಳ ವರ್ಷ ಡ್ರೈವರ್ ಆಗಿದ್ದು, ಆಗಷ್ಟೇ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಪೇಟೆಯಿಂದ ಅರ್ಧ ಮೈಲಿಯಲ್ಲಿ ಅವರ ಮನೆ. ಗಲ್ಫ್‌ನಿಂದ ಬಂದವರು ನನ್ನಲ್ಲಿ ಸಾಮಾನ್ಯವಾಗಿ ಕೇಳುತ್ತಿದ್ದದ್ದು ಬಾಲ್ಕನಿ ಅಥವಾ ಕಮಾನು. ಇವರು ಕೇಳಿದ್ದೇ ಬೇರೆ.

“ಸಾರ್, ನನ್ನ ಅಂಗಳದಲ್ಲಿ ಒಂದು ಮನೆ ತಿರುಗಬೇಕು.”

ನಾನು ಪೆನ್ಸಿಲ್ ಕೆಳಗಿಟ್ಟೆ. ನಮ್ಮ ಮಾತುಕತೆ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮನೆ ಯಾಕೆ ತಿರುಗಬೇಕು ಮಾರಾಯ್ರೆ?”

“ಅದಕ್ಕೆ ಗಾಲಿ ಉಂಟು.”

ಮೂಡುಬಿದಿರೆಯಲ್ಲಿ ಬಸ್ಸಿನ ಬಾಡಿ ಕಟ್ಟುವ ಲಾರೆನ್ಸ್ ಮೇಸ್ತ್ರಿಯವರಿಗೆ ಇದಿನಬ್ಬ ಒಂದು ಟ್ರಾವೆಲ್ ಟ್ರೈಲರ್ ಮಾಡಲು ಕೊಟ್ಟಿದ್ದರು. ಅಂದರೆ ಜೀಪಿನ ಹಿಂದೆ ಕಟ್ಟಿ ಎಳೆಯುವ ಎರಡು ಗಾಲಿಯ ಕೋಣೆ. ಒಳಗೆ ಮಂಚ, ಗ್ಯಾಸಿನ ಒಲೆ, ನೀರಿನ ಟಾಂಕಿ, ಮೂಲೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ, ಕುರ್ಚಿಯ ಹಾಗೆ ಕೂರುವ ಕಕ್ಕುಸು. ಅರಬರು ಮರುಭೂಮಿಯಲ್ಲಿ ಬಿಡಾರ ಹೂಡಲು ಇಂಥದ್ದನ್ನು ಒಯ್ಯುತ್ತಾರಂತೆ, ಅದನ್ನು ಎಳೆದದ್ದು ಇದೇ ಇದಿನಬ್ಬ.

ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ಅವರು ಹೇಳಿದರು. ಹೆಂಡತಿ ನಫೀಸಾರ ಮೊಣಕಾಲು ಮಡಚುವುದಿಲ್ಲ. ನೆಲದ ಕಕ್ಕುಸಿನಲ್ಲಿ ಕೂರಲಾಗುವುದಿಲ್ಲ. ಇವರ ಮನೆಯಲ್ಲಿ ಕಮೋಡ್ ಹಾಕಿಸಿದ್ದಾರೆ, ಆದರೆ ಆ ಕಾಲದಲ್ಲಿ ಬೇರೆ ಯಾರ ಮನೆಯಲ್ಲಿ ಅದು ಇತ್ತು? ಮುಂಡಾಜೆಯಲ್ಲಿ ನಫೀಸಾರ ತಂಗಿ ಖತೀಜಾ ಇದ್ದಾರೆ. ಕಾಲು ಕೆಟ್ಟಂದಿನಿಂದ ತಂಗಿಯ ಮನೆಯಲ್ಲಿ ನಫೀಸಾ ಒಂದು ರಾತ್ರಿಯೂ ಉಳಿದಿಲ್ಲ. ಬೆಳಿಗ್ಗೆ ಹೋಗುವುದು, ಒಂದು ಹನಿ ನೀರು ಕುಡಿಯದೆ ಕೂರುವುದು, ಮಧ್ಯಾಹ್ನಕ್ಕೇ ಹಿಂದೆ ಬರುವುದು.

“ಅಲ್ಲಿ ಅರಬಿಯ ಮುದಿ ತಾಯಿಗೂ ಇದೇ ಕಾಲು. ಅವರು ಇಂಥದ್ದೇ ಕ್ಯಾರವಾನಿನಲ್ಲಿ ವಾರಗಟ್ಟಲೆ ಮರುಭೂಮಿಯಲ್ಲಿ ಇರುತ್ತಿದ್ದರು ಸಾರ್, ರಾಣಿಯ ಹಾಗೆ. ನಾನು ಗಾಡಿ ಎಳೆಯುತ್ತಾ ಯೋಚನೆ ಮಾಡುತ್ತಿದ್ದೆ, ಇದು ನಮ್ಮ ನಫೀಸಾಳಿಗೆ ಯಾಕೆ ಆಗಬಾರದು ಅಂತ.”

ಪೇಟೆಯವರಿಗೆ ಮಾತ್ರ ಇದೊಂದು ಒಳ್ಳೆಯ ಮನರಂಜನೆ. “ಇದಿನಬ್ಬ ಬ್ಯಾರಿ ಕಕ್ಕುಸಿಗೆ ಗಾಲಿ ಕಟ್ಟಿಸುತ್ತಿದ್ದಾನೆ” ಎಂದು ಹೋಟೆಲಿನಲ್ಲಿ ಚಾ ಕುಡಿಯುವವರೆಲ್ಲ ನಗುತ್ತಿದ್ದರು.

ಮರುದಿನ ಆರೂವರೆಗೆ ಸೈಟಿಗೆ ಹೋದೆ. ಮಾರ್ಗದಿಂದ ಮನೆಗೆ ಹತ್ತು ಅಡಿ ಅಗಲದ ಓಣಿ. ಎರಡೂ ಬದಿ ಕೆಂಪುಕಲ್ಲಿನ ಪಾಗಾರದ ಗೋಡೆ. ಓಣಿ ಮುಗಿಯುವಲ್ಲಿ ಸರಿಯಾಗಿ ಲಂಬಕೋನದಲ್ಲಿ ಬಲಕ್ಕೆ ಗೇಟು. ಗೇಟಿನ ಒಳಗೆ ನಲವತ್ತು ಅಡಿ ಉದ್ದ, ಮೂವತ್ತನಾಲ್ಕು ಅಡಿ ಅಗಲದ ಅಂಗಳ. ಪಶ್ಚಿಮಕ್ಕೆ ಬಾವಿ. ಪೂರ್ವಕ್ಕೆ, ನನ್ನ ಲೆಕ್ಕದಲ್ಲಿ ಎಲ್ಲಿ ಏನೂ ಇರಬಾರದಿತ್ತೋ ಅಲ್ಲಿಯೇ, ಹಂಚು ಹೊದಿಸಿದ ಬಚ್ಚಲು ಕೊಟ್ಟಿಗೆ. ಒಳಗೆ ಒಲೆಯ ಮೇಲೆ ಹೂತ ದೊಡ್ಡ ತಾಮ್ರದ ಹಂಡೆ.

“ಇದನ್ನು ತೆಗೆದರೆ ಕೆಲಸ ಸುಲಭ,” ಎಂದೆ.

ನಫೀಸಾ ಹೊಸ್ತಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. “ಸುಲಭ ಇವರಿಗೆ ಸಾರ್. ದಿನಾ ಬೆಳಿಗ್ಗೆ ಆ ಹಂಡೆಯ ನೀರು ನಾಲ್ಕು ಕೊಡಪಾನ ಕಾಲಿಗೆ ಬಿದ್ದರೆ ಮಾತ್ರ ನಾನು ಏಳುವುದು. ಬಚ್ಚಲು ಕೊಟ್ಟಿಗೆ ಮುಟ್ಟದೆ ಆ ಪೆಟ್ಟಿಗೆ ಇಲ್ಲಿ ತಿರುಗಿದರೆ ನಾನು ಮುಂಡಾಜೆಗೆ ಹೋಗುತ್ತೇನೆ. ತಿರುಗದಿದ್ದರೆ ಅದನ್ನು ಮಾರಿಬಿಡಲಿ. ಅದರಲ್ಲಿ ಕೋಳಿ ಸಾಕುವವರು ಯಾರಾದರೂ ಇದ್ದಾರು.”

ಇದಿನಬ್ಬ ನನ್ನ ಮುಖ ನೋಡಿದರು. ಮನುಷ್ಯ ಅಷ್ಟು ವರ್ಷ ದುಡಿದು ಬಂದು ಆಸೆಪಟ್ಟದ್ದು ಇದೊಂದೇ, ಅದು ಈಗ ಒಂದು ಹಂಡೆಯ ಮುಂದೆ ನಿಂತಿತ್ತು.

ಟ್ರೈಲರಿನ ವಿಷಯದಲ್ಲಿ ಓದುಗರು ತಿಳಿಯಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಎಳೆಯುವ ವಾಹನ ತಿರುವಿನಲ್ಲಿ ಎಲ್ಲಿ ಹೋಗುತ್ತದೋ ಅಲ್ಲಿ ಟ್ರೈಲರಿನ ಗಾಲಿ ಹೋಗುವುದಿಲ್ಲ. ಅದು ಒಳಬದಿಗೆ ಕತ್ತರಿಸಿಕೊಂಡು ಹೋಗುತ್ತದೆ. ಜೀಪು ಗೇಟಿನ ಕಂಬದಿಂದ ದೂರ ಹೋದರೂ ಹಿಂದಿನ ಕೋಣೆ ಕಂಬಕ್ಕೆ ಬಡಿಯಬಹುದು. ಇದಕ್ಕಾಗಿ ಒಳಬದಿಯ ಗೇಟುಕಂಬವನ್ನು ಮೂರು ಅಡಿ ಹಿಂದಕ್ಕೆ ಸರಿಸಿದೆ. ಎರಡನೆಯ ಸಂಗತಿಯನ್ನು ಮುಂದೆ ಹೇಳುತ್ತೇನೆ, ಅದು ನಮಗೆಲ್ಲ ಅಂಗಳದಲ್ಲಿಯೇ ತಿಳಿದದ್ದು.

ಟ್ರೈಲರಿನ ಕೋಣೆ ಹದಿನಾಲ್ಕು ಅಡಿ ಉದ್ದ, ಏಳು ಅಡಿ ಅಗಲ. ಮುಂದೆ ಜೀಪಿಗೆ ಸಿಕ್ಕಿಸುವ ಕಬ್ಬಿಣದ ಮೂತಿ ಮೂರೂವರೆ ಅಡಿ. ನನ್ನ ಪ್ಲಾನ್ ಹೀಗಿತ್ತು: ಜೀಪು ಗೇಟಿನೊಳಗೆ ಬಂದು ಬಾವಿಯ ಕಡೆಗೆ ಮುಂದೆ ಹೋಗಬೇಕು, ಅಲ್ಲಿಂದ ರಿವರ್ಸಿನಲ್ಲಿ ಬಚ್ಚಲು ಕೊಟ್ಟಿಗೆಯ ಪಕ್ಕದ ಜಾಗಕ್ಕೆ ಟ್ರೈಲರನ್ನು ಹಿಮ್ಮುಖವಾಗಿ ದೂಡಬೇಕು. ಹೊರಗೆ ಹೋಗುವಾಗ ನೇರ ಮುಂದಕ್ಕೆ. ಕಾಗದದ ಮೇಲೆ ಕೊಟ್ಟಿಗೆಗೂ ಟ್ರೈಲರಿಗೂ ಒಂದೂವರೆ ಅಡಿ ಅಂತರ ಉಳಿಯುತ್ತಿತ್ತು.

ಕಾಗದವನ್ನು ನಂಬಬಾರದು, ನೆಲದಲ್ಲಿ ನೋಡಬೇಕು ಎಂಬುದು ನನ್ನ ತರಬೇತಿ. ಆದ್ದರಿಂದ ಪೇಟೆಯ ಬಡಗಿಯಿಂದ ಟ್ರೈಲರಿನ ಅಳತೆಗೆ ಸರಿಯಾಗಿ ಬಿದಿರಿನ ಒಂದು ಚೌಕಟ್ಟು ಕಟ್ಟಿಸಿದೆ. ಗೋಡೆ ಎಲ್ಲಿ ಬರುತ್ತದೆ ಎಂದು ಕಣ್ಣಿಗೆ ಕಾಣಬೇಕೆಂದು ಅದಕ್ಕೆ ಬಿಳಿ ಬೆಡ್‌ಶೀಟ್ ಸುತ್ತಿಸಿದೆ. ಒಂದು ಬುಧವಾರ ಬೆಳಿಗ್ಗೆ ಆರು ಮಂದಿ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಪೇಟೆಯಿಂದ ಹೊರಟರು. ಮುಂದೆ ನಾನು, ಕೈಯಲ್ಲಿ ಟೇಪು. ಮಾತಾಡಿದರೆ ಹೆಜ್ಜೆ ತಪ್ಪುತ್ತದೆ ಎಂದು ಎಲ್ಲರಿಗೂ ಮೌನವಾಗಿರಲು ಹೇಳಿದ್ದೆ.

ಬಿದಿರು, ಬಿಳಿಬಟ್ಟೆ, ಆರು ಹೆಗಲು, ಮೌನ. ಹೋಟೆಲಿನವರು ಅರ್ಧ ಶಟರ್ ಎಳೆದರು. ಎದುರಿನಿಂದ ಬಂದ ಬೈಸಿಕಲ್ಲಿನವರು ಇಳಿದು ನಿಂತರು. ಬೆಳ್ತಂಗಡಿಗೆ ಹೋಗುವ ಬಸ್ಸು ನಿಧಾನವಾಯಿತು, ಕಂಡಕ್ಟರ್ ಕಿಟಕಿಯಿಂದ ಬಗ್ಗಿ ನೋಡಿದ. ನಮ್ಮ ಮೆರವಣಿಗೆ ಇದಿನಬ್ಬರ ಓಣಿಗೆ ತಿರುಗಿದ್ದನ್ನೂ ಅವನು ನೋಡಿದ. ನಮ್ಮ ಕಡೆ ಸುದ್ದಿ ಬಸ್ಸಿನಲ್ಲಿ ಹೋಗುತ್ತದೆ, ಅದಕ್ಕೆ ಟಿಕೇಟು ಬೇಡ.

ನಾವು ಅಂಗಳದಲ್ಲಿ ಚೌಕಟ್ಟನ್ನು ತಿರುಗಿಸುತ್ತಿದ್ದಾಗಲೇ ಒಳಗೆ ಫೋನ್ ರಿಂಗಾಯಿತು. ಮುಂಡಾಜೆಯಿಂದ ಖತೀಜಾ. ಆಕೆಯ ಅಳು ನಮಗೆ ಅಂಗಳದವರೆಗೆ ಕೇಳುತ್ತಿತ್ತು.

“ಯಾರು ಹೇಳಿದ್ದು ನಿನಗೆ? ಸತ್ತಿಲ್ಲ, ಇಲ್ಲೇ ಇದ್ದಾರೆ,” ಎಂದು ನಫೀಸಾ ರಿಸೀವರಿಗೆ ಗದರಿದರು. “ಬೆಡ್‌ಶೀಟಿನ ಹಿಂದೆ ನಿಂತು ಹಲ್ಲು ಬಿಡುತ್ತಿದ್ದಾರೆ. ಅಳಬೇಡ. ಅದು ನಿನ್ನ ಮನೆಗೆ ಬರುವ ಗಾಡಿಯ ಅಳತೆ.” ಆ ಕಡೆಯಿಂದ ಏನೋ ಹೇಳಿದರು. ನಫೀಸಾರ ದನಿ ಇಳಿಯಿತು. “ಹೌದು. ಈ ಸಲ ಉಳಿಯಲಿಕ್ಕೇ ಬರುವುದು.”

ಚೌಕಟ್ಟಿನ ಪರೀಕ್ಷೆ ಅತ್ಯುತ್ತಮವಾಗಿ ನಡೆಯಿತು. ಓಣಿ, ಗೇಟು, ಅಂಗಳ, ಹಿಮ್ಮುಖ, ಎಲ್ಲ ಸರಿ. ಕೊಟ್ಟಿಗೆಯಿಂದ ಒಂದೂವರೆ ಅಡಿ ಅಂತರ, ಕಾಗದದಲ್ಲಿ ಇದ್ದ ಹಾಗೆ. ಪಕ್ಕದ ಮನೆಯ ಬಾಬು ಪೂಜಾರಿ, ಚೌಕಟ್ಟಿನ ಹಿಂದಿನ ಮೂಲೆ ಹೊತ್ತವರು, ನನಗೆ ಸೆಲ್ಯೂಟ್ ಹೊಡೆದರು. ಸುಣ್ಣದ ಹುಡಿಯಿಂದ ದಾರಿ ಗುರುತು ಮಾಡಿ, ಜಲ್ಲಿ ಹಾಸಿ, ನಾಲ್ಕು ವಾರಗಳಲ್ಲಿ ಡ್ರೈವ್‌ವೇ ಮುಗಿಸಿದೆವು.

ಡಿಸೆಂಬರ್ ಕೊನೆಯಲ್ಲಿ ಟ್ರೈಲರ್ ಬಂತು. ಇದಿನಬ್ಬ ಸೆಕೆಂಡ್ ಹ್ಯಾಂಡ್ ಡೀಸೆಲ್ ಜೀಪಿನಲ್ಲಿ ಅದನ್ನು ಮೂಡುಬಿದಿರೆಯಿಂದ ಸಿದ್ದಕಟ್ಟೆ ಮಾರ್ಗವಾಗಿ ಎಳೆದು ತಂದರು. ಲಾರೆನ್ಸ್ ಮೇಸ್ತ್ರಿ ಬಸ್ಸಿನ ಅಭ್ಯಾಸದಲ್ಲಿ ಹಿಂದೆ ‘ಹಾರ್ನ್ ಮಾಡಿ’ ಎಂದು ಬರೆಸಿದ್ದರು, ಮುಂದೆ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಸ್ಪೆಷಲ್’. ಊರಿನ ಅರ್ಧ ಜನ ಅಂಗಳದ ಪಾಗಾರದ ಮೇಲೆ ಹತ್ತಿ ಕೂತಿದ್ದರು. ಜೀಪು ಗೇಟು ದಾಟಿತು. ಟ್ರೈಲರ್ ಒಳಕ್ಕೆ ಕತ್ತರಿಸಿಕೊಂಡು ಬಂತು, ಹಿಂದೆ ಸರಿಸಿದ ಕಂಬದಿಂದ ನಾಲ್ಕು ಬೆರಳು ದೂರದಲ್ಲಿ ದಾಟಿತು. ಚಪ್ಪಾಳೆ.

“ಇನ್ನು ರಿವರ್ಸ್,” ಎಂದೆ.

ಇದಿನಬ್ಬ ನನ್ನನ್ನು ನೋಡಿದರು. ನಂತರ ಗೇರಿನ ಕೋಲನ್ನು ನೋಡಿದರು. ನಂತರ “ಬಿಸ್ಮಿಲ್ಲಾ” ಎಂದರು.

ಇಲ್ಲಿ ಆ ಎರಡನೆಯ ಸಂಗತಿ. ರಿವರ್ಸಿನಲ್ಲಿ ಟ್ರೈಲರ್ ಸ್ಟಿಯರಿಂಗ್‌ಗೆ ವಿರುದ್ಧ ದಿಕ್ಕಿಗೆ ಹೋಗುತ್ತದೆ. ಬಾಲ ಬಲಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಬೇಕು. ಸ್ವಲ್ಪ ಹೆಚ್ಚಾದರೆ ಜೀಪು ಮತ್ತು ಟ್ರೈಲರ್ ಮಡಚುವ ಚೂರಿಯ ಹಾಗೆ ಒಂದಕ್ಕೊಂದು ಮಡಚಿಕೊಳ್ಳುತ್ತವೆ. ಇದಕ್ಕೆ ಜಾಕ್‌ನೈಫ್ ಎನ್ನುತ್ತಾರೆ. ಅಭ್ಯಾಸ ಇದ್ದವರಿಗೆ ಇದು ನೀರು ಕುಡಿದಷ್ಟು ಸುಲಭ.

ಟ್ರೈಲರ್ ಮೊದಲು ಬಾವಿಯ ಕಡೆ ಹೊರಟಿತು. ಇದಿನಬ್ಬ ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸಿದರು, ಅದು ಇನ್ನಷ್ಟು ಬಾವಿಯ ಕಡೆ ಹೊರಟಿತು. ಪಾಗಾರದ ಮೇಲಿಂದ ತುಳುವಿನಲ್ಲಿ ಒಬ್ಬರು ಬಲಕ್ಕೆ ಎಂದರು, ಬ್ಯಾರಿ ಭಾಷೆಯಲ್ಲಿ ಒಬ್ಬರು ಎಡಕ್ಕೆ ಎಂದರು, ಲಾರೆನ್ಸ್ ಮೇಸ್ತ್ರಿ ಕೊಂಕಣಿಯಲ್ಲಿ ದೇವರನ್ನು ಕರೆದರು. ಬಾಬು ಪೂಜಾರಿ ಹಿಂದಿನ ಹಲಗೆ ಬಡಿದು “ಬರ್ಲಿ, ಬರ್ಲಿ, ಬರ್ಲಿ” ಎನ್ನುತ್ತಲೇ ಇದ್ದರು. ನಾನು “ಹಾಲ್ಟ್!” ಎಂದು ಕೂಗಿದೆ. ಪರೇಡ್ ಮೈದಾನದಲ್ಲಿ ಇನ್ನೂರು ಮಂದಿಯನ್ನು ನಿಲ್ಲಿಸುತ್ತಿದ್ದ ಕೂಗು ಅದು. ಪಾಗಾರದ ಮೇಲಿದ್ದವರೆಲ್ಲ ನೆಟ್ಟಗೆ ಕೂತರು. ಟ್ರೈಲರ್ ಮಾತ್ರ ನಿಲ್ಲಲಿಲ್ಲ. ಇದಿನಬ್ಬ ಗಾಬರಿಯಲ್ಲಿ ಸ್ಟಿಯರಿಂಗನ್ನು ಪೂರ್ತಿ ಆಚೆಗೆ ಹೊಡೆದಿದ್ದರು. ಅದು ಸುತ್ತಿಕೊಂಡು ಬಂದು ಬಚ್ಚಲು ಕೊಟ್ಟಿಗೆಯ ಹಂಚಿನ ಮಾಡಿಗೆ ತಾಗಿತು. ಎರಡು ಹಂಚು ಕೆಳಗೆ ಬಿದ್ದು ಒಡೆದವು.

ಕೊಟ್ಟಿಗೆಯ ಬಾಗಿಲು ತೆರೆಯಿತು. ಒಳಗಿನಿಂದ ನಫೀಸಾ, ಕೈಯಲ್ಲಿ ಕೊಡಪಾನ.

“ಎರಡು,” ಎಂದರು.

ನಾನು ಜೀಪಿನ ಬಳಿಗೆ ಹೋದೆ. “ಗಲ್ಫ್‌ನಲ್ಲಿ ಇಷ್ಟು ವರ್ಷ ಟ್ರೈಲರ್ ಎಳೆದೆ ಅಂದಿರಲ್ಲ?”

“ಎಳೆದಿದ್ದೇನೆ ಸಾರ್.”

“ರಿವರ್ಸ್?”

“ಮರುಭೂಮಿಯಲ್ಲಿ ರಿವರ್ಸ್ ಯಾಕೆ ಸಾರ್?” ಇದಿನಬ್ಬ ಬೆವರು ಒರೆಸಿಕೊಂಡರು. “ತಿರುಗಬೇಕಾದರೆ ಒಂದು ದೊಡ್ಡ ರೌಂಡ್ ಹೊಡೆಯುವುದು. ಅಲ್ಲಿ ಯಾರ ಪಾಗಾರ ಉಂಟು? ಯಾರ ಬಚ್ಚಲು ಕೊಟ್ಟಿಗೆ ಉಂಟು?”

ಪಾಗಾರದ ಮೇಲೆ ನಗು ಎದ್ದಿತು. ನನಗೆ ನಗು ಬರಲಿಲ್ಲ. ಜೀಪು ಮತ್ತು ಟ್ರೈಲರ್ ಅಂಗಳದ ನಡುವೆ ಮಡಚಿ ನಿಂತಿದ್ದವು. ಮುಂದೆ ಹೋದರೆ ಬಾವಿಕಟ್ಟೆ, ಹಿಂದೆ ಹೋದರೆ ಹಂಡೆ.

ಬಾಬು ಪೂಜಾರಿ ಪರಿಹಾರ ಹೇಳಿದರು. “ಕೊಟ್ಟಿಗೆಯ ಇದೊಂದು ಗೋಡೆ ಬೀಳಿಸುವ ಸಾರ್. ನಾಳೆ ನಾನೇ ಕಲ್ಲು ತಂದು ಕಟ್ಟಿಕೊಡುತ್ತೇನೆ. ಒಂದು ಗೋಡೆ ಅಲ್ಲವಾ?”

“ಮುಟ್ಟಿದರೆ,” ನಫೀಸಾ ಹೇಳಿದರು, “ನಾನು ಆ ಪೆಟ್ಟಿಗೆಗೆ ಕಾಲಿಡುವುದಿಲ್ಲ. ಇವತ್ತು ಗೋಡೆ ಅನ್ನುತ್ತೀರಿ, ನಾಳೆ ಒಲೆ ಅನ್ನುತ್ತೀರಿ. ಮುಂಡಾಜೆಗೆ ಮೊದಲಿನ ಹಾಗೆ ಬಸ್ಸಿನಲ್ಲಿ ಹೋಗುತ್ತೇನೆ, ಮಧ್ಯಾಹ್ನಕ್ಕೆ ಬರುತ್ತೇನೆ. ಅಭ್ಯಾಸ ಉಂಟು.”

ಆ ‘ಅಭ್ಯಾಸ ಉಂಟು’ ಎಂಬ ಮಾತಿಗೆ ಇದಿನಬ್ಬ ಜೀಪಿನಿಂದ ಇಳಿದು ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು.

ನಾನು ಅಂಗಳದ ಸುತ್ತ ನಡೆದೆ. ಬಿದಿರಿನ ಚೌಕಟ್ಟು ಪಾಗಾರಕ್ಕೆ ಒರಗಿ ನಿಂತಿತ್ತು, ಅದರ ಬೆಡ್‌ಶೀಟು ಹಗ್ಗದ ಮೇಲೆ ಒಣಗುತ್ತಿತ್ತು. ಇದೇ ಅಳತೆಯ ಅದು ಅಷ್ಟು ಚಂದ ತಿರುಗಿತ್ತು, ಇದು ಯಾಕೆ ತಿರುಗಲಿಲ್ಲ? ಉತ್ತರ ಕಣ್ಣೆದುರೇ ಇತ್ತು. ಆ ದಿನ ಚೌಕಟ್ಟಿಗೆ ಜೀಪು ಇರಲಿಲ್ಲ, ಹನ್ನೆರಡು ಕಾಲುಗಳಿದ್ದವು. ಹಿಂದಕ್ಕೆ ನಡೆಯಿರಿ ಎಂದರೆ ಜನ ಹಿಂದಕ್ಕೆ ನಡೆದಿದ್ದರು. ನನ್ನ ಪರೀಕ್ಷೆ ಟ್ರೈಲರಿನದ್ದಲ್ಲ, ಹೊತ್ತವರದ್ದು.

ಹಾಗಾದರೆ ಜೀಪನ್ನು ಬಿಚ್ಚಿಬಿಟ್ಟರೆ?

ಟೇಪು ತೆಗೆದೆ. ಬಿಚ್ಚಿದ ಟ್ರೈಲರ್ ತನ್ನ ಎರಡು ಗಾಲಿಗಳ ನಡುವಿನ ಬಿಂದುವಿನ ಮೇಲೆ ತಿರುಗುತ್ತದೆ, ಮೂತಿಯನ್ನು ಹಿಡಿದು ಸುತ್ತಿಸಿದರೆ ಸಾಕು. ಗಾಲಿಯಿಂದ ಮೂತಿಗೆ ಹನ್ನೊಂದು ಅಡಿ. ಗಾಲಿಯಿಂದ ಬಾಲದ ಮೂಲೆಗೆ ಏಳೂವರೆ ಅಡಿಯೂ ಇಲ್ಲ. ಉದ್ದದ ಮೂತಿ ಬಾವಿಯ ಕಡೆಯ ಖಾಲಿ ಜಾಗದಲ್ಲಿ ಸುತ್ತಿದರೆ, ಗಿಡ್ಡ ಬಾಲ ಕೊಟ್ಟಿಗೆಯ ಕಡೆ ಸುತ್ತುತ್ತದೆ. ಸುಣ್ಣದ ಹುಡಿಯಲ್ಲಿ ಎರಡು ಅರ್ಧವೃತ್ತ ಎಳೆದೆ, ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದಕ್ಕೂ ಕೊಟ್ಟಿಗೆಯ ಗೋಡೆಗೂ ಎರಡು ಅಡಿ ಉಳಿಯಿತು.

“ಜೀಪು ಬಿಚ್ಚಿ. ಪಾಗಾರದಿಂದ ಎಲ್ಲ ಇಳಿಯಿರಿ.”

ಬಸ್ಸು ಹಾಳಾದರೆ ಇಳಿದು ದೂಡುವುದು ನಮ್ಮ ಕಡೆಯ ಜನರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮಳೆನೀರು ಹರಿಯಲೆಂದು ಅಂಗಳ ಒಂದು ಬದಿಗೆ ಇಳಿಜಾರಾಗಿತ್ತು, ಆದ್ದರಿಂದ ಗಾಲಿಗಳಿಗೆ ಕಲ್ಲು ಅಡ್ಡ ಕೊಡುತ್ತಾ ಹೋಗಲು ಇಬ್ಬರನ್ನು ನಿಲ್ಲಿಸಿದೆ. ಮೂತಿಗೆ ನಾಲ್ಕು ಮಂದಿ, ಬಾಲಕ್ಕೆ ನಾಲ್ಕು. ನಾನು ಒಂದು, ಎರಡು ಎಂದು ಲೆಕ್ಕ ಹೇಳಿದೆ. ಟ್ರೈಲರ್ ಒಂದು ಸಲ ನರಳಿತು, ಕೊಟ್ಟಿಗೆಯಿಂದ ಬಿಡಿಸಿಕೊಂಡಿತು, ನಂತರ ಬೀಸುವ ಕಲ್ಲಿನಂತೆ ನಿಧಾನಕ್ಕೆ ಸುತ್ತಿ, ‘ಸ್ಪೆಷಲ್’ ಎಂಬ ಹಣೆಯನ್ನು ಗೇಟಿನ ಕಡೆಗೆ ಮಾಡಿ ನಿಂತಿತು. ಇದಿನಬ್ಬ ಜೀಪನ್ನು ಒಂದೆರಡು ಸಲ ಹಿಂದೆ ಮುಂದೆ ಮಾಡಿ ತಿರುಗಿಸಿ ತಂದು ಮುಂದೆ ಸಿಕ್ಕಿಸಿದರು. ಜೀಪಿನ ರಿವರ್ಸ್ ಅವರಿಗೆ ಬರುತ್ತಿತ್ತು.

ನಫೀಸಾ ಕೊಟ್ಟಿಗೆಯನ್ನು ಒಂದು ಸುತ್ತು ಬಂದು ನೋಡಿದರು. “ಆ ಎರಡು ಹಂಚು?”

“ಎಸ್ಟಿಮೇಟಿನಲ್ಲಿ ಸೇರಿಸಿದ್ದೇನೆ,” ಎಂದೆ.

ಮುಂದಿನ ಎರಡು ವಾರಗಳಲ್ಲಿ ಆ ಜಾಗದ ಜಲ್ಲಿ ತೆಗೆಸಿ, ಮಟ್ಟಸವಾದ ಕಾಂಕ್ರೀಟ್ ಹಾಕಿಸಿ, ಸುತ್ತ ಮಳೆನೀರಿಗೆ ಸಣ್ಣ ಕಣಿ ಮಾಡಿಸಿದೆ. ನೆಲ ಮಟ್ಟಸವಾದ ಮೇಲೆ ಟ್ರೈಲರ್ ತಿರುಗಿಸಲು ನಾಲ್ಕು ಮಂದಿ ಸಾಕಾಗುತ್ತಿದ್ದರು. ದೊಡ್ಡ ಅರ್ಧ, ಸಣ್ಣ ಅರ್ಧ ಸೇರಿ ಆ ನೆಲ ಮೊಟ್ಟೆಯ ಆಕಾರದಲ್ಲಿತ್ತು. ಪೇಟೆಯವರು ಅದಕ್ಕೆ ಹೆಲಿಪ್ಯಾಡ್ ಎಂದು ಹೆಸರಿಟ್ಟರು. ಯಾವ ಮಂತ್ರಿ ಇಳಿಯುತ್ತಾನೆ ಎಂದು ಹೋಟೆಲಿನಲ್ಲಿ ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ನಫೀಸಾ ಅದರ ಮೇಲೆ ಕೊಬ್ಬರಿ ಒಣಗಿಸಿದರು.

2002ರ ಜನವರಿ ಕೊನೆಯ ಶನಿವಾರ ಅವರಿಬ್ಬರು ಮುಂಡಾಜೆಗೆ ಹೊರಟರು. ನಾನು ಗೇಟಿನ ಬಳಿ ನಿಂತು ಕಂಬದ ಅಂತರ ನೋಡಿದೆ. ನಾಲ್ಕು ಬೆರಳು, ಹಾಗೆಯೇ ಇತ್ತು. ಫೈಲ್ ಮುಚ್ಚಿದೆ ಎಂದುಕೊಂಡೆ.

ಮರುದಿನ ಸಂಜೆ ಫೋನ್ ಬಂತು.

“ಸಾರ್, ಇದಿನಬ್ಬ. ಟ್ರೈಲರ್ ಖತೀಜಾಳ ಅಂಗಳದ ಒಳಗೆ ಬಂದಿದೆ.”

“ಸಂತೋಷ.”

“ಹೊರಗೆ ಹೋಗುವುದಿಲ್ಲ. ಇಲ್ಲಿಯೂ ತಿರುಗಬೇಕಲ್ಲ ಸಾರ್, ಅದನ್ನು ನಾವು ನೆನೆಸಲೇ ಇಲ್ಲ.”

ಅದು ನಿಜವಾಗಿತ್ತು. ನಾವು ಮನೆಗೆ ಬರುವ ದಾರಿಯನ್ನು ಅಂಗುಲ ಅಂಗುಲ ಅಳೆದಿದ್ದೆವು, ಹೋಗಿ ಸೇರುವ ಮನೆಯನ್ನು ಅಳೆದಿರಲಿಲ್ಲ. “ಜನ ಸೇರಿಸಿ ದೂಡಿ ನೋಡಿದಿರಾ?”

“ಅಂಗಳ ಓರೆ ಉಂಟು ಸಾರ್.”

“ನಾಳೆ ಆರೂವರೆಗೆ ಅಲ್ಲಿರುತ್ತೇನೆ.”

ಆಗ ರಿಸೀವರ್ ಕೈ ಬದಲಾಯಿತು. ಹಿಂದಿನಿಂದ ಎಣ್ಣೆಯಲ್ಲಿ ಏನೋ ಕರಿಯುವ ಸದ್ದು, ಯಾರೋ ಹೆಂಗಸಿನ ನಗು.

“ಸಾರ್, ನಿಮಗೆ ಬೇರೆ ಕೆಲಸ ಇಲ್ಲವಾ?” ನಫೀಸಾ ಕೇಳಿದರು.

“ಉಂಟು. ಆದರೆ ನೀವು ಸಿಕ್ಕಿಬಿದ್ದಿದ್ದೀರಿ ಅಂತ...”

“ಮೊದಲು ಅದನ್ನೆಲ್ಲ ಮುಗಿಸಿ ಸಾರ್. ಇಲ್ಲಿ ಅವಸರ ಇಲ್ಲ.”

“ಎಷ್ಟು ದಿನ ಬಿಟ್ಟು ಬರಲಿ?”

“ನೀವು ಇಂಜಿನಿಯರ್ ಅಲ್ಲವಾ? ನೀವೇ ಎಸ್ಟಿಮೇಟ್ ಹಾಕಿ.”

ನಾನು ಎಸ್ಟಿಮೇಟ್ ಹಾಕಿದೆ. ಒಂದು ವಾರ ಬಿಟ್ಟು ಹೋದೆ, ಆರೂವರೆಗಲ್ಲ, ಹನ್ನೊಂದು ಗಂಟೆಗೆ. ಖತೀಜಾರ ಅಂಗಳದಲ್ಲಿ ಟ್ರೈಲರಿನಿಂದ ಹಲಸಿನ ಮರಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಅಕ್ಕ ತಂಗಿ ಇಬ್ಬರೂ ಟ್ರೈಲರಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮೀನು ಶುಚಿ ಮಾಡುತ್ತಾ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರುಮಾಡುತ್ತಿದ್ದರು. ನಫೀಸಾರ ಪಕ್ಕದಲ್ಲಿ ದೊಡ್ಡ ಚೊಂಬು ತುಂಬ ನೀರು. ಮಾತಿನ ನಡುವೆ ಅದನ್ನೆತ್ತಿ ಗಟಗಟ ಕುಡಿದು ಕೆಳಗಿಟ್ಟರು.

ನಾನು ಅಂಗಳ ಅಳೆದೆ. ಓರೆ ಇದ್ದದ್ದು ನಿಜ, ಆದರೆ ಕಾಂಕ್ರೀಟ್ ಹಾಕುವ ಮೊದಲಿನ ಇದಿನಬ್ಬರ ಅಂಗಳದಷ್ಟೂ ಇರಲಿಲ್ಲ. ಗಾಲಿಗೆ ಕಲ್ಲು ಕೊಟ್ಟು ಆರು ಮಂದಿ ದೂಡಿದರೆ ಚಾ ಕುಡಿಯುವುದರೊಳಗೆ ತಿರುಗುತ್ತಿತ್ತು. ಇದಿನಬ್ಬರ ಕಡೆ ನೋಡಿದೆ. ಅವರು ಹಲಸಿನ ಮರವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

“ಮೊದಲ ದಿನವೇ ತಿರುಗುತ್ತಿತ್ತು ಸಾರ್,” ಎಂದರು, ಮರಕ್ಕೆ ಹೇಳುವ ಹಾಗೆ. “ಇವಳು ಜನ ಕರೆಯಲಿಕ್ಕೆ ಬಿಡಲಿಲ್ಲ.”

ಅಷ್ಟರಲ್ಲಿ ನಫೀಸಾ ಕೂತಲ್ಲಿಂದಲೇ ಕೇಳಿದರು, “ಏನು ಸಾರ್, ತಿರುಗುತ್ತದಾ?”

ವಾಹನ ತಿರುಗಲು ಎಷ್ಟು ಜಾಗ ಬೇಕೆಂದು ಲೆಕ್ಕ ಹಾಕಲು ನನಗೆ ಸೈನ್ಯ ಕಲಿಸಿತ್ತು. ಅದು ಯಾವಾಗ ತಿರುಗಬೇಕು ಎಂಬುದನ್ನು ಅದರ ಒಳಗೆ ಕೂರುವವರಲ್ಲಿ ಕೇಳಬೇಕು ಎಂದು ಈ ಕೆಲಸ ಕಲಿಸಿತು. ಅಂದಿನಿಂದ ಯಾರ ಮನೆಯ ದಾರಿ ಬರೆಯುವಾಗಲೂ ನಾನು ಮೊದಲು ಟೇಪು ತೆಗೆಯುವುದಿಲ್ಲ. ಇದರಲ್ಲಿ ಯಾರು ಹೋಗುತ್ತಾರೆ, ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಎಷ್ಟು ದಿನ ಇರಬೇಕೆಂದಿದ್ದಾರೆ ಎಂದು ಕೇಳುತ್ತೇನೆ.

“ಸ್ವಲ್ಪ ಕಷ್ಟ ಉಂಟು,” ಎಂದೆ ನಾನು ಗಂಭೀರವಾಗಿ. “ಇನ್ನೂ ಮೂರು ನಾಲ್ಕು ದಿನವಾದರೂ ಬೇಕು.”

ನಂತರ ಟೇಪು ಸುತ್ತಿ ಚೀಲಕ್ಕೆ ಹಾಕಿ, ಒಂದು ಗಂಟೆಗೆ ಸರಿಯಾಗಿ ಅವರೊಡನೆ ಊಟಕ್ಕೆ ಕೂತೆ.